ಉಳು, ಉತ್ತು, ಉಳುವವನು: ಒಂದು ಧಾತುವಿನ ಟಿಪ್ಪಣಿ

‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯನ್ನು ಗೇಣಿ ಹೋರಾಟದ ಚರಿತ್ರೆ ಬರೆದವರು ಮತ್ತೆ ಮತ್ತೆ ಉದ್ಧರಿಸಿದ್ದಾರೆ. ಅದರೊಳಗಿನ ಕ್ರಿಯಾರೂಪದತ್ತ ಗಮನ ಹರಿದದ್ದು ಕಡಿಮೆ.

ಹಳಗನ್ನಡದಲ್ಲಿ ಧಾತು ಉೞ್. ಕೊನೆಯ ವ್ಯಂಜನ ರಳ. ತಮಿಳಿನ ಉೞು, ಮಲಯಾಳದ ಉೞುಕ ಅದನ್ನು ಇಂದಿಗೂ ಉಳಿಸಿಕೊಂಡಿವೆ. ಕನ್ನಡದಲ್ಲಿ ರಳ ಎರಡು ದಾರಿ ಹಿಡಿಯಿತು: ಸ್ವರದ ಮುಂದೆ ಳಕಾರವಾಗಿ ಉಳುವ, ಉಳುಮೆ, ವ್ಯಂಜನದ ಮುಂದೆ ಅದರಲ್ಲೇ ಲೀನವಾಗಿ ಉೞ್ತು ಹೋಗಿ ಉತ್ತು. ಅಳು–ಅತ್ತು, ಬೀಳು–ಬಿದ್ದು, ಏಳು–ಎದ್ದು ಇದೇ ಬಳಗದವು. ಮೂಲದಲ್ಲೇ ಳಕಾರಾಂತವಾದ ಕೇಳು, ಆಳುಗಳಿಗೆ ಈ ಪಾಡಿಲ್ಲ. ಅವು ಕೇಳಿ, ಆಳಿ ಆಗುತ್ತವೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳವಿರುವ ಶಬ್ದಗಳನ್ನು ಎಣಿಸಿಟ್ಟಿದ್ದಾನೆ. ಅವು ಯಾವುವೆಂದು ಎಲ್ಲರಿಗೂ ಗೊತ್ತಿದ್ದರೆ ಪಟ್ಟಿಯ ಅಗತ್ಯವಾದರೂ ಏನಿತ್ತು?

ರೂಪಗಳಲ್ಲಿ ಹೆಚ್ಚು ಕುತೂಹಲದ್ದು ಉೞುವಂ. ಅದು ‘ಉಳುತ್ತಾನೆ’ ಎಂಬ ಆಖ್ಯಾತವೂ ಹೌದು, ‘ಉಳುವಾತ’ ಎಂಬ ಕೃದಂತನಾಮವೂ ಹೌದು. ಹೊಸಗನ್ನಡ ‘ಅವನು’ ಸೇರಿಸಿ ‘ಉಳುವವನು’ ಎಂದು ನಾಮವನ್ನು ಬೇರ್ಪಡಿಸಿಕೊಂಡಿತು. ವೈಯಾಕರಣರು ಇದನ್ನು ಭವಿಷ್ಯತ್ ಕೃದಂತವೆಂದರೂ ಬಳಕೆಯಲ್ಲಿ ಅದಕ್ಕೆ ಕಾಲದ ಕಟ್ಟಿಲ್ಲ. ಕಳೆದ ವರ್ಷ ಉತ್ತು ಮುಂದಿನ ವರ್ಷವೂ ಉಳಬೇಕೆಂದಿರುವ ಗೇಣಿದಾರನ ಹಕ್ಕು ‘ಉತ್ತವನು’ ಎಂದರೆ ಅರ್ಧವೇ ಆಗುತ್ತಿತ್ತು. ಪುಲ್ಲಿಂಗ ಮಾತ್ರ ಯೋಚಿಸಬೇಕಾದದ್ದು: ಉತ್ತ ಗದ್ದೆಗಳಲ್ಲಿ ನಟ್ಟಿ ಮಾಡುವ ಹೆಂಗಸರಿಗೆ ಈ ಪದದಲ್ಲಿ ಜಾಗವಿಲ್ಲ.

ಉಳುಮೆಯೇ ಹೋರಾಟವಾದದ್ದೂ ಉಂಟು: 1951ರ ಏಪ್ರಿಲ್‌ನಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಗದ್ದೆಗಿಳಿದು ಉತ್ತೇ ಸತ್ಯಾಗ್ರಹ ಹೂಡಿದರು. ತೀರ್ಥಹಳ್ಳಿ ತಾಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಮರುವರ್ಷ ಸಾಗರ–ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು.

ಆದರೆ ಈ ಸೀಮೆಯ ಮನೆಮಾತಿನಲ್ಲಿ ‘ಉಳು’ ಎಂಬುದಕ್ಕಿಂತ ‘ಹೂಡು’ ಹೆಚ್ಚು ಕೇಳುತ್ತದೆ: ‘ಗದ್ದೆ ಹೂಡ್ಬೇಕು’, ‘ಹೂಟಿ ಮುಗೀತಾ?’ ಎತ್ತಿಗೆ ನೊಗ ಕಟ್ಟುವ ಕೆಲಸದ ಹೆಸರು ಇಡೀ ಉಳುಮೆಗೆ ಹಬ್ಬಿದೆ. ಈಗ ‘ಟಿಲ್ಲರ್ ಹೊಡೆಸು’ ಎಂಬುದೂ ಸೇರಿದೆ. ಕಾನೂನು ಈ ಯಾವುದನ್ನೂ ಎತ್ತಿಕೊಳ್ಳಲಿಲ್ಲ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ನಮೂನೆ 7ರಲ್ಲಿ ಅರ್ಜಿ ಹಾಕಿದಾತ ‘ಗೇಣಿದಾರ’. ಪಹಣಿಯ ಕಲಮಿನಲ್ಲಿರುವುದು ‘ಸಾಗುವಳಿದಾರ’.