ತಪ್ಪೊಪ್ಪಿಗೆಯೂ ನ್ಯಾಯವೂ

ಅಪರಾಧವನ್ನು ಕಂಡುಹಿಡಿಯಲು ಎಲ್ಲಕ್ಕಿಂತ ಸುಲಭವಾದ ಮಾರ್ಗವೆಂದರೆ ಆಪಾದಿತನ ಬಾಯಿಂದಲೇ ಅದನ್ನು ಹೊರಡಿಸುವುದು. ಈ ಸುಲಭಮಾರ್ಗವೇ ಅತ್ಯಂತ ಅಪಾಯಕರವಾದುದೆಂಬುದನ್ನು ನಮ್ಮ ದೇಶದ ನ್ಯಾಯಶಾಸ್ತ್ರವು ಬಹಳ ಕಷ್ಟದಿಂದ ಕಲಿಯಬೇಕಾಯಿತು. ಅದು ಕಲಿತ ಬಗೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ವಿಚಾರಮಾಡೋಣ.

ಉಡುಪಿಯ ಬಳಿ, ಸುವರ್ಣಾ ನದಿಯು ಕಡಲನ್ನು ಸೇರುವೆಡೆಗೆ ಸಮೀಪದಲ್ಲಿ, ಕೆಮ್ಮಣ್ಣು ಎಂಬ ಗ್ರಾಮವಿದೆ. ಕರಾವಳಿಯ ಇಂತಹ ಗ್ರಾಮಗಳಲ್ಲಿ ಮನೆಗಳು ಒಂದೆಡೆ ಗುಂಪುಗೂಡಿರದೆ ಗದ್ದೆ ತೋಟಗಳ ನಡುವೆ ಚೆದರಿಕೊಂಡಿರುವುದೇ ಹಿಂದಿನಿಂದ ಬಂದ ಪದ್ಧತಿ. ಇಲ್ಲಿ ಕಳವಾದರೆ ಕಳ್ಳನನ್ನು ಹಿಡಿಯತಕ್ಕವರಾರು? 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೆನರಾ ಪ್ರಾಂತಕ್ಕೆ ಮೊದಲನೆಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಈ ಪ್ರಶ್ನೆಗೆ ಮುಂದೆ ತನ್ನದೇ ಆದ ಉತ್ತರವನ್ನು ಕೊಟ್ಟನು: ಊರನ್ನು ಬಲ್ಲ ಊರಿನ ಮುಖ್ಯಸ್ಥನೇ ಹಿಡಿಯಲಿ. ಅವನ ಸಲಹೆಯಂತೆ 1816ರಲ್ಲಿ ಮದರಾಸು ಸರ್ಕಾರವು ಬಂಗಾಳದ ಮಾದರಿಯ ದಾರೋಗಾಗಳನ್ನು ತೆಗೆದುಹಾಕಿ, ಪೋಲೀಸು ಅಧಿಕಾರವನ್ನು ಗ್ರಾಮದ ಮುಖ್ಯಸ್ಥರಿಗೂ ತಹಸೀಲ್ದಾರರಿಗೂ ವಹಿಸಿ, ಕಲೆಕ್ಟರನನ್ನೇ ಮ್ಯಾಜಿಸ್ಟ್ರೇಟನನ್ನಾಗಿ ಮಾಡಿತು.

ಈ ಏರ್ಪಾಡಿನಲ್ಲಿ ದೇಶಪರಿಚಯವಿತ್ತು. ಆದರೆ ದೋಷಗಳೂ ಇದ್ದುವು. ಬೈಗುಳು, ಸಣ್ಣ ಹೊಡೆದಾಟಗಳಿಗೆ ಮುಖ್ಯಸ್ಥನು 12 ಗಂಟೆಗಳ ಕಾಲ ಚಾವಡಿಯಲ್ಲಿ ಕೂಡಿಹಾಕಬಹುದಾಗಿತ್ತು. ಕೆಳಜಾತಿಯವನೆನಿಸಿಕೊಂಡವನಿಗಾದರೋ 6 ಗಂಟೆಗಳವರೆಗೆ ಕೋಳ ತೊಡಿಸಬಹುದಾಗಿತ್ತು. ತಪ್ಪು ಒಂದೇ, ಶಿಕ್ಷೆ ಮಾತ್ರ ಜಾತಿಯನ್ನು ನೋಡುತ್ತಿತ್ತು. ಇದಕ್ಕಿಂತ ಹಿರಿದಾದ ದೋಷವೊಂದಿತ್ತು. ಕಂದಾಯವನ್ನು ವಸೂಲುಮಾಡುವ ಕೈಯೇ ಕಳ್ಳನನ್ನೂ ಹಿಡಿಯುತ್ತಿತ್ತು. ಬಾಕಿ ಹಣವನ್ನು ಹೊರಡಿಸುವ ಉಪಾಯವೇ ತಪ್ಪೊಪ್ಪಿಗೆಯನ್ನು ಹೊರಡಿಸುವ ಉಪಾಯವೂ ಆಯಿತು.

ಈ ದೂರು ಪಾರ್ಲಿಮೆಂಟಿನವರೆಗೂ ಮುಟ್ಟಿ, 1854ರಲ್ಲಿ ಮದರಾಸಿನಲ್ಲಿ ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ವಿಚಾರಣಾ ಮಂಡಲಿಯು ನೇಮಕವಾಯಿತು. ಬೆರಳುಗಳನ್ನು ಮರದ ನಡುವೆ ಅಮುಕುವ 'ಕಿಟ್ಟಿ', ಮೈಯನ್ನು ಬಗ್ಗಿಸಿ ಕಟ್ಟುವ 'ಅನುಂದಾಲ್', ಸುಡುಬಿಸಿಲಿನಲ್ಲಿ ನಿಲ್ಲಿಸುವುದು, ಇವೇ ಮೊದಲಾದ ಯಾತನೆಗಳು ನಡೆಯುತ್ತಿದ್ದುದು ನಿಜವೆಂದು 1855ರ ಅದರ ವರದಿಯು ಒಪ್ಪಿತು. ಹೊಣೆಯನ್ನಾದರೋ ದೇಶೀಯ ನೌಕರರ ಮೇಲೆ ಹೊರಿಸಿ, ಯೂರೋಪಿಯನ್ ಅಧಿಕಾರಿಗಳನ್ನು ದೋಷದಿಂದ ಬಿಡಿಸಿತು. ಆದರೆ ಕಂದಾಯದಲ್ಲಿ ಕೊರತೆಯಾಗಕೂಡದೆಂಬ ಒತ್ತಾಯವು ಮೇಲಿನಿಂದ ಇಳಿಯುತ್ತಿದ್ದಿತೆಂಬುದನ್ನು ಚರಿತ್ರಕಾರನು ಮರೆಯಲಾಗದು.

ವರದಿಯು ವ್ಯರ್ಥವಾಗಲಿಲ್ಲ. 1859ರ ಕಾಯಿದೆಯಿಂದ ಮದರಾಸಿನ ಪೋಲೀಸು ಕಂದಾಯ ಇಲಾಖೆಯಿಂದ ಬೇರೆಯಾಯಿತು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯು ಆಪಾದಿತನ ವಿರುದ್ಧ ಸಾಕ್ಷ್ಯವಾಗದೆಂಬ ನಿಯಮವು 1861ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಬಂದು, 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮಾಗಿ ನೆಲೆನಿಂತಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನು 23ನೆಯ ಕಲಮಿನಲ್ಲಿ ಉಳಿಸಿಕೊಂಡಿದೆ.

ಆದರೂ ಕಾನೂನು ಒಂದು ಕಿಂಡಿಯನ್ನು ಬಿಟ್ಟಿದೆ. ಪೋಲೀಸರ ವಶದಲ್ಲಿರುವವನ ಮಾತಿನಿಂದ ಯಾವುದಾದರೊಂದು ಸಂಗತಿ ಬೆಳಕಿಗೆ ಬಂದರೆ, ಅದಕ್ಕೆ ಸಂಬಂಧಪಟ್ಟ ಅಷ್ಟು ಮಾತು ಸಾಕ್ಷ್ಯವಾಗುತ್ತದೆ. ಸತ್ಯಾನ್ವೇಷಣೆಗೆ ಇದು ಅವಶ್ಯವೆನ್ನುವವರ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಆದರೆ ಹಳೆಯ ಆಸೆಯು ನುಸುಳಿ ಬರುವುದೂ ಈ ಕಿಂಡಿಯಿಂದಲೇ. ಅಪರಾಧಿಯು ತಪ್ಪಿಸಿಕೊಂಡರೆ ಸಮಾಜಕ್ಕೆ ನಷ್ಟವೇ ಸರಿ. ನಿರಪರಾಧಿಯ ಬಾಯಿಂದ ನೋವು ನುಡಿಸಿದ ಮಾತನ್ನೇ ನ್ಯಾಯವೆಂದು ಬಗೆದರಾದರೋ ನಷ್ಟವಾಗುವುದು ನ್ಯಾಯವೇ. ಅದು ಹೋದ ಮೇಲೆ ಸಮಾಜವನ್ನು ಕಾಯುವುದಕ್ಕೆ ಇನ್ನೇನು ಉಳಿದೀತು?