ತರೀಕೆರೆ 45

ಸಖರಾಯಪಟ್ಟಣದಲ್ಲಿ ಹಳೆಯ ಮಾತೆತ್ತಿದರೆ ರುಕ್ಮಾಂಗದರಾಯ ಬರುತ್ತಾನೆ, ಅವನ ಬೆನ್ನಿಗೇ ಅಯ್ಯನಕೆರೆ. ಅರಸರ ಹೆಸರು ಜನರ ಬಾಯಲ್ಲಿದೆ, ಅವರ ಕೈಕೆಳಗೆ ದುಡಿದ ಅಧಿಕಾರಿಗಳದು ಇಲ್ಲ. ನನಗೆ ಬೇಕಿದ್ದವರು ಆ ಅಧಿಕಾರಿಗಳೇ. ಹಾಗಾಗಿ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟ ತೆರೆದೆ. 1901ರಲ್ಲಿ ಅಚ್ಚಾದದ್ದು, ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು.

ಶಾಸನಗಳಿಗೆ ಅಲ್ಲಿ ತಾಲ್ಲೂಕುವಾರು ಸಂಖ್ಯೆ. ಪುಟ ಮಗುಚುತ್ತಾ ತರೀಕೆರೆ 45ಕ್ಕೆ ಬಂದು ನಿಂತೆ. ಅಮೃತಾಪುರದ ಶಾಸನ, 1197ರದು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ. ತಂದೆ ಹರಿಯಮ ಸೆಟ್ಟಿ, ತಾಯಿ ಸುಗ್ಗವ್ವೆ. ಸೆಟ್ಟರ ಮನೆಯ ಮಗ ಹೊಯ್ಸಳ ದೊರೆಯ ದಂಡನಾಯಕ! ಶಾಸನದ ಹೊಗಳಿಕೆಯನ್ನು ಎಷ್ಟು ನಂಬಬೇಕೆಂಬುದು ಹಳೆಯ ತಲೆನೋವು. ಬಿರುದುಗಳನ್ನು ನಾನು ಪಕ್ಕಕ್ಕಿಡುತ್ತೇನೆ. ಅಪ್ಪನ ಹೆಸರನ್ನು ಅಷ್ಟು ಸುಲಭವಾಗಿ ಪಕ್ಕಕ್ಕಿಡಲಾಗದು. ದೊಡ್ಡ ವಂಶಾವಳಿಯೊಂದನ್ನು ಹೊಸೆಯದೆ ‘ಸೆಟ್ಟಿ’ ಎಂದೇ ಕೆತ್ತಿಸಿದ್ದಾರಲ್ಲ, ಅದು ನಂಬುವಂಥದು.

ಹೊಗಳಿದವನಾದರೂ ಸಾಮಾನ್ಯನೇ? ಕವಿ ಜನ್ನ. ಆರ್. ನರಸಿಂಹಾಚಾರ್ಯರ ‘ಕವಿಚರಿತೆ’ ಅವನ ಎರಡು ಶಾಸನಗಳನ್ನು ಗುರುತಿಸುತ್ತದೆ: 1191ರ ಚನ್ನರಾಯಪಟ್ಟಣ 179, ಮತ್ತು ಇದು. ‘ಯಶೋಧರ ಚರಿತೆ’ ಬಂದದ್ದು 1209ರಲ್ಲಿ. ಅದಕ್ಕೆ ಹನ್ನೆರಡು ವರ್ಷ ಮೊದಲೇ ಜನ್ನ ಒಬ್ಬ ಅಧಿಕಾರಿಗಾಗಿ ಕಲ್ಲಿಗೆ ಪದ್ಯ ಕಟ್ಟಿಕೊಟ್ಟಿದ್ದ.

ಈಜಿಪ್ಟಿನ ಮೊದಲ ರಾಜವಂಶದ ಡೆನ್ ಅರಸನಿಗೂ ಹೆಮಾಕ ಎಂಬ ಮುದ್ರಾಧಿಕಾರಿಯಿದ್ದ, ಸುಮಾರು ಐದು ಸಾವಿರ ವರ್ಷಗಳ ಹಿಂದೆ. ಸಕ್ಕಾರಾದಲ್ಲಿ ಅವನದೆಂದು ಹೆಸರಾದ ಸಮಾಧಿಯನ್ನು 1936ರಲ್ಲಿ ವಾಲ್ಟರ್ ಎಮೆರಿ ಅಗೆದಾಗ ಜಾಡಿಗಳ ಮಣ್ಣಿನ ಮುಚ್ಚಳಗಳ ಮೇಲೆ ಅವನ ಮುದ್ರೆಗಳಿದ್ದವು. ಪಪೈರಸ್ ಸುರುಳಿಯೂ ಸಿಕ್ಕಿತು, ಅದರಲ್ಲಿ ಒಂದಕ್ಷರವಿಲ್ಲ. ಅವನಿಗೆ ಜನ್ನ ಸಿಗಲಿಲ್ಲ.

ಅಚ್ಚಿನ ಪಾಠ ಓದಿ ಸುಮ್ಮನಿರಲಾಗದೆ ಬೀರೂರು, ತರೀಕೆರೆ ದಾಟಿ ಅಮೃತಾಪುರಕ್ಕೆ ಹೋದೆ. ಮುಖಮಂಟಪದ ಹತ್ತಿರವೇ ಆಳೆತ್ತರ ಮೀರಿದ ಶಾಸನಗಲ್ಲು. ದೇವರು ಅಮೃತೇಶ್ವರ, ಊರು ಅಮೃತಾಪುರ. ಎರಡೂ ದಂಡನಾಯಕನ ಹೆಸರಿನವೇ, ದೊರೆಯ ಹೆಸರಿನವಲ್ಲ. ಮಂಟಪದ ಸುತ್ತ ಕಿರುಗೋಡೆಯ ಮೇಲೆ ದಕ್ಷಿಣಕ್ಕೆ ರಾಮಾಯಣದ ಎಪ್ಪತ್ತು ಫಲಕಗಳು, ಉತ್ತರಕ್ಕೆ ಕೃಷ್ಣನ ಕಥೆ ಇಪ್ಪತ್ತೈದು, ಮಹಾಭಾರತ ನಲವತ್ತೈದು. ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ಕಥೆ ಹಿಡಿಯಬೇಕಾದರೆ ಭಕ್ತರಿಗೆ ಎದುರಾಗಿ ನಡೆಯಬೇಕು. ನಡೆದೆ, ಒಬ್ಬಿಬ್ಬರು ದುರುಗುಟ್ಟಿ ನೋಡಿದರು.

ಇಲ್ಲಿ ದುಡಿದ ರೂವಾರಿ ಮಲ್ಲಿತಮ್ಮ. ಅದೇ ಹೆಸರು ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಗುಡಿಯಲ್ಲೂ ಇದೆ. ಆ ಗುಡಿಯನ್ನು 1246ರಲ್ಲಿ ಕಟ್ಟಿಸಿದವನೂ ದಂಡನಾಯಕನೇ, ಬೊಮ್ಮಣ್ಣ. ನಡುವೆ ಸುಮಾರು ಐವತ್ತು ವರ್ಷ. ಉಳಿ ಹಿಡಿದದ್ದು ಒಬ್ಬನೇ ಮಲ್ಲಿತಮ್ಮನೋ, ತಾತನ ಹೆಸರಿಟ್ಟುಕೊಂಡ ಮೊಮ್ಮಗನೋ? ನನ್ನ ಹುಡುಕಾಟ ಈಗ ಹಾಸನ ಜಿಲ್ಲೆಯ ಸಂಪುಟಕ್ಕೆ ಹೊರಳಿದೆ.