ಟಪಾಲು ತಂದವನ ಹೆಸರು



ಬೇರೆ ಶಾಖೆಯ ಡ್ರಾಫ್ಟು ಬಂದರೆ ನಮ್ಮ ಬ್ಯಾಂಕಿನಲ್ಲಿ ಮಾದರಿ ಸಹಿಗಳ ಪುಸ್ತಕ ತೆಗೆಯುತ್ತಿದ್ದರು. ಪುಸ್ತಕ ತಂದು ಕೊಡುವುದು ಗುಮಾಸ್ತನಾದ ನನ್ನ ಕೆಲಸ, ಸಹಿ ತಾಳೆ ನೋಡುವುದು ಸಾಹೇಬರದು. ಕಾಗದದ ಮೇಲೆ ಸೇಡಂ ಶಾಖೆ ಎಂದು ಅಚ್ಚಾಗಿದ್ದರೆ ಸಾಲದು. ಇ-ಮೇಲ್ ಎಂಬ ಟಪಾಲಿಗೆ ಇಂಥ ತಾಳೆ ಬಹಳ ತಡವಾಗಿ ಬಂತು.

1982ರಲ್ಲಿ ಜಾನ್ ಪೋಸ್ಟೆಲ್ ಬರೆದ ನಿಯಮದಂತೆ, ಟಪಾಲು ತಂದ ಕಂಪ್ಯೂಟರು ಬಾಗಿಲಲ್ಲಿ 'ಹೆಲೋ' ಎಂದು ತನ್ನ ಹೆಸರು ಹೇಳಬೇಕು. ಹೇಳಿದ್ದನ್ನು ನಂಬಬೇಕು. ಹೆಸರು ತಾಳೆಯಾಗದಿದ್ದರೂ ಟಪಾಲು ನಿರಾಕರಿಸಕೂಡದೆಂದು 1989ರ ನಿಯಮ ಹೇಳಿತು! ಆಗಿನ ಬಳಕೆದಾರರು ಹೆಚ್ಚಾಗಿ ವಿಶ್ವವಿದ್ಯಾಲಯದ, ಸಂಶೋಧನೆಯ ಮಂದಿ. ಆದರೂ 1978ರಲ್ಲೇ ಗ್ಯಾರಿ ಥುಯೆರ್ಕ್ ಎಂಬ ಮಾರಾಟಗಾರ ನೂರಾರು ಜನರಿಗೆ ಒಟ್ಟಿಗೆ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಅಷ್ಟರಲ್ಲಿ ಕಸದ ಟಪಾಲು ಹೆಚ್ಚುತ್ತಿತ್ತು. 1997ರಲ್ಲಿ ಪಾಲ್ ವಿಕ್ಸಿಯವರ ಕಪ್ಪುಪಟ್ಟಿ ಬಂತು; ಅದು ಯಂತ್ರಗಳ ಸಂಖ್ಯೆ ನೋಡುತ್ತಿತ್ತು. ಹೆಸರನ್ನೂ ಪರೀಕ್ಷಿಸಬಹುದಿತ್ತು. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬ ದಫ್ತರವನ್ನು ಪಾಲ್ ಮೊಕಾಪೆಟ್ರಿಸ್ 1983ರಲ್ಲೇ ರೂಪಿಸಿದ್ದರು. ಬಂದ ಯಂತ್ರದ ಸಂಖ್ಯೆ ಹಿಡಿದು ಹೆಸರು ಕೇಳುವುದು, ಆ ಹೆಸರು ಹಿಡಿದು ಮತ್ತೆ ಸಂಖ್ಯೆ ಕೇಳುವುದು. ಎರಡೂ ಕೂಡಿದರೆ ಸಹಿ ಸರಿ.

ಮನೆ ಸಂಪರ್ಕಗಳಿಗೆ ಕಂಪನಿಯವರು ಇಡುವ ಹೆಸರಿನಲ್ಲಿ ಬಹುಪಾಲು ಅಂಕಿಗಳೇ ತುಂಬಿರುತ್ತವೆ. 2000ದ ನಂತರ ಸೋಂಕು ತಗುಲಿದ ಮನೆ ಕಂಪ್ಯೂಟರುಗಳೇ ಕಸ ಹಂಚತೊಡಗಿದವು. ಹೀಗಾಗಿ ಅಂಥ ಹೆಸರು ಕಂಡರೇ ಎಷ್ಟೋ ಕಡೆ ಬಾಗಿಲು ಹಾಕಿದರು. ಕಳ್ಳನೂ ಹೊರಗೆ, ಬಡವನೂ ಹೊರಗೆ.

ತಾಂಡೂರಿನಲ್ಲಿ ನಾನು ನಿವೃತ್ತನಾದ ಮೇಲೆ ಲೆಕ್ಕ ಬರೆಯಲು ಹೋಗುತ್ತಿದ್ದ ಕಲ್ಲಿನ ವ್ಯಾಪಾರದ ಸಣ್ಣ ಕಚೇರಿಯೊಂದು ಖರ್ಚು ಉಳಿಸಲು ತನ್ನದೇ ಯಂತ್ರದಿಂದ ಟಪಾಲು ಕಳಿಸುತ್ತಿತ್ತು. ಹಾಸುಗಲ್ಲಿನ ದರಪಟ್ಟಿ ಹೋಯಿತು, ಉತ್ತರ ಬರಲಿಲ್ಲ. ಗಿರಾಕಿ ಬೇರೆಡೆ ಕೊಂಡ. ದರ ತಪ್ಪು ಬರೆದಿದ್ದೀಯೆಂದು ಅಲ್ಲಿಯ ಹುಡುಗನನ್ನು ಗದರಿಸಿದವನು ನಾನೇ. ಆಮೇಲೆ ನೋಡಿದರೆ ದರ ಸರಿಯಿತ್ತು. ಯಂತ್ರದ ಹೆಸರಿನಲ್ಲಿ ಬರೀ ಅಂಕಿ! ಪಟ್ಟಿ ಗಿರಾಕಿಗೆ ಮುಟ್ಟಿಯೇ ಇರಲಿಲ್ಲ.

2024ರ ಫೆಬ್ರವರಿಯಿಂದ ಜಿಮೇಲಿಗೆ ಕಳಿಸುವ ಯಾರಿಗೇ ಆಗಲಿ ಈ ಎರಡೂ ಕಡೆಯ ತಾಳೆ ಕಡ್ಡಾಯ. ಬ್ಯಾಂಕುಗಳ ಜಾಲತಾಣದ ಹೆಸರೂ '.ಬ್ಯಾಂಕ್.ಇನ್' ಎಂದು ಮುಗಿಯಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಸಾರಿತು. ಅದು ಬೇರೆ ಬಗೆಯ ತಾಳೆ. ಆ ಹೆಸರು ಕೊಡುವ ಸಂಸ್ಥೆ ಇರುವುದು ನಮ್ಮ ಹೈದರಾಬಾದಿನಲ್ಲೇ.

ಕಲ್ಲಿನ ಕಚೇರಿ ಈಗ ದೊಡ್ಡ ಕಂಪನಿಯ ಯಂತ್ರದ ಮೂಲಕವೇ ಟಪಾಲು ಕಳಿಸುತ್ತದೆ, ತಿಂಗಳ ಬಾಡಿಗೆ ಕೊಟ್ಟು.